ಎಳೆಯರ ಶಾಲೆಯಲ್ಲಿ ಯಂತ್ರದ ಸ್ಥಾನ

ನಮ್ಮ ಪಟ್ಟಣಗಳಲ್ಲಿ ಈಗ ಹೊಸದೊಂದು ಪ್ರಾಥಮಿಕ ಶಾಲೆ ತೆರೆಯಿತೆಂದರೆ, ಅದರ ಜಾಹೀರಾತಿನಲ್ಲಿ ಉಪಾಧ್ಯಾಯರ ಪ್ರಸ್ತಾಪಕ್ಕಿಂತ ಮೊದಲು ಯಂತ್ರಗಳ ಪ್ರಸ್ತಾಪ ಬರುತ್ತದೆ. ಕರಿಹಲಗೆಯ ಬದಲು ಮುಟ್ಟಿದೊಡನೆ ಚಿತ್ರ ಮೂಡುವ ಪರದೆ, ಒಂದನೆಯ ತರಗತಿಯ ಕೂಸಿನ ಕೈಗೂ ಒಂದು ಟ್ಯಾಬ್, ಮನೆಪಾಠಕ್ಕೆ ಮೊಬೈಲಿನ ಆ್ಯಪ್, ಸಂದೇಹ ನಿವಾರಣೆಗೆ ಕೃತಕ ಬುದ್ಧಿಮತ್ತೆ. ಇವೆಲ್ಲವೂ ಇರುವುದೇ ಮುಂದುವರಿದ ಶಾಲೆ ಎಂಬ ಭಾವನೆ ತಾಯಿತಂದೆಗಳಲ್ಲಿ ಬೇರೂರುತ್ತಿದೆ. ಇನ್ನೊಂದು ಕಡೆ, ಯಂತ್ರವು ಮಕ್ಕಳ ಕಣ್ಣನ್ನೂ ಬುದ್ಧಿಯನ್ನೂ ಕೆಡಿಸುತ್ತದೆಂದು ಹೇಳಿ, ಅದನ್ನು ಶಾಲೆಯ ಹೊಸ್ತಿಲಿನಾಚೆಗೇ ತಡೆದು ನಿಲ್ಲಿಸಬೇಕೆನ್ನುವವರೂ ಇದ್ದಾರೆ. ಈ ಎರಡು ಪಕ್ಷದವರ ದೃಷ್ಟಿಯೂ ಯಂತ್ರದ ಮೇಲೆಯೇ ನೆಟ್ಟಿದೆ. ಅದರ ಮುಂದೆ ಕುಳಿತ ಮಗು ಏನು ಮಾಡುತ್ತಿದೆ ಎಂದು ಕೇಳುವವರು ಕಡಿಮೆ.

ಔಷಧವೊಂದು ಗುಣಕಾರಿಯೇ ಅಲ್ಲವೇ ಎಂಬುದನ್ನು ನಾವು ಸೀಸೆಯ ಅಂದದಿಂದ ನಿರ್ಣಯಿಸುವುದಿಲ್ಲ; ಔಷಧ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿ ನಿರ್ಣಯಿಸುತ್ತೇವೆ. ಬೋಧನೆಯ ಉಪಕರಣಗಳಿಗೂ ಇದೇ ನ್ಯಾಯ ಸಲ್ಲಬೇಕು. ಸುದೈವದಿಂದ ಅಂಥ ಹೋಲಿಕೆಯ ಪ್ರಯೋಗಗಳು ಹಲವು ನಡೆದಿವೆ. ಅವುಗಳಲ್ಲಿ ಕೆಲವು ನಮ್ಮ ದೇಶದಲ್ಲಿಯೇ ನಡೆದವು. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ತೋರುವುದಿಷ್ಟು: ಯಂತ್ರದಿಂದ ಮಕ್ಕಳ ಕಲಿಕೆ ಹೆಚ್ಚುವುದೋ ಕುಗ್ಗುವುದೋ ಎಂಬುದು ಯಂತ್ರದ ಬೆಲೆಯನ್ನಾಗಲಿ ಹೊಸತನವನ್ನಾಗಲಿ ಅವಲಂಬಿಸಿಲ್ಲ. ಅದು ಮಗುವಿನಿಂದ ಏನನ್ನು ಮಾಡಿಸುತ್ತದೆ, ಯಾರ ಸ್ಥಾನದಲ್ಲಿ ಬಂದು ನಿಲ್ಲುತ್ತದೆ ಎಂಬುದನ್ನು ಅವಲಂಬಿಸಿದೆ.

ಮೊದಲು ಎಲ್ಲಕ್ಕಿಂತ ಹಳೆಯದಾದ ಒಂದು ಉಪಕರಣವನ್ನು ನೆನೆಯೋಣ. ನಮ್ಮ ಕೂಲಿಮಠಗಳಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರವಿ, ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಅನಾಥಾಲಯ ಶಾಲೆಯ ಮೇಲ್ವಿಚಾರಕನಾಗಿದ್ದ ಆ್ಯಂಡ್ರೂ ಬೆಲ್ ಎಂಬಾತನು ಮಲಬಾರಿನ ಮಕ್ಕಳು ಹೀಗೆ ಮರಳಿನಲ್ಲಿ ಬರೆಯುವುದನ್ನು ಕಂಡು, ಅದನ್ನು ತನ್ನ ಶಾಲೆಯಲ್ಲಿ ಬಳಕೆಗೆ ತಂದನು. ಅವನ ಕೈಕೆಳಗಿನ ಉಪಾಧ್ಯಾಯರು ಈ ಹೊಸ ಪದ್ಧತಿಗೆ ಒಪ್ಪದಿರಲು, ಕಲಿತ ವಿದ್ಯಾರ್ಥಿಗಳಿಂದಲೇ ಕಲಿಯದವರಿಗೆ ಹೇಳಿಕೊಡಿಸಿದನು. ೧೭೯೭ರಲ್ಲಿ ಅವನು ಲಂಡನ್ನಿನಲ್ಲಿ ಈ ಅನುಭವವನ್ನು ಪ್ರಕಟಿಸಿದ ಮೇಲೆ ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದ ಅದು ಇಂಗ್ಲೆಂಡಿನ ಶಾಲೆಗಳಲ್ಲಿ ಹರಡಿತು. ಮರಳಿಗೆ ಇದ್ದ ಶಕ್ತಿ ಯಾವುದು? ಮಗು ತಾನೇ ಬರೆಯುತ್ತದೆ, ಬರೆದದ್ದು ಒಡನೆಯೇ ಕಣ್ಣೆದುರು ನಿಲ್ಲುತ್ತದೆ, ತಪ್ಪಾದರೆ ಅಂಗೈಯಿಂದ ಒರೆಸಿ ಮತ್ತೆ ಬರೆಯಬಹುದು, ಪಕ್ಕದಲ್ಲಿ ತಿದ್ದುವವನೊಬ್ಬನಿದ್ದಾನೆ. ಮಾಡುವುದು, ಕಾಣುವುದು, ತಿದ್ದಿಕೊಳ್ಳುವುದು ಎಂಬ ಈ ಮೂರು ಹೆಜ್ಜೆಗಳೇ ಎಳೆಯರ ಕಲಿಕೆಯ ತಿರುಳು.

ಇದೇ ತತ್ತ್ವವನ್ನು ಇಪ್ಪತ್ತನೆಯ ಶತಮಾನದಲ್ಲಿ ಯಂತ್ರದ ರೂಪಕ್ಕೆ ತರಲು ಯತ್ನಿಸಿದವನು ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್. ೧೯೫೩ರಲ್ಲಿ ಅವನು ತನ್ನ ಮಗಳು ಓದುತ್ತಿದ್ದ ನಾಲ್ಕನೆಯ ತರಗತಿಯ ಗಣಿತ ಪಾಠವನ್ನು ನೋಡಲು ಹೋದಾಗ ಎರಡು ದೋಷಗಳನ್ನು ಗಮನಿಸಿದನು. ತಾನು ಮಾಡಿದ ಲೆಕ್ಕ ಸರಿಯೋ ತಪ್ಪೋ ಎಂಬುದು ಮಗುವಿಗೆ ಕೂಡಲೆ ತಿಳಿಯುತ್ತಿರಲಿಲ್ಲ. ಮತ್ತು ಚುರುಕಾದವರೂ ನಿಧಾನಿಗಳೂ ಒಂದೇ ವೇಗದಲ್ಲಿ ನಡೆಯಬೇಕಾಗಿತ್ತು. ಈ ದೋಷಗಳನ್ನು ಹೋಗಲಾಡಿಸಲು ಅವನು ಮರುವರ್ಷವೇ ಒಂದು ಬೋಧನ ಯಂತ್ರವನ್ನು ರಚಿಸಿ ತೋರಿಸಿದನು. ಇಂದಿನ ಆ್ಯಪುಗಳಲ್ಲಿ ಉತ್ತರ ಒತ್ತಿದೊಡನೆ ‘ಸರಿ’ ‘ತಪ್ಪು’ ಎಂದು ತೋರುವ ಏರ್ಪಾಡು ಆ ಪೆಟ್ಟಿಗೆಯ ವಂಶಕ್ಕೆ ಸೇರಿದುದೇ. ಸ್ಕಿನ್ನರನ ರೋಗನಿದಾನ ಸರಿಯಾಗಿತ್ತೆಂದೇ ನಾನು ತಿಳಿದಿದ್ದೇನೆ. ಆದರೆ ಚಿಕಿತ್ಸೆಗೆ ಯಂತ್ರವೇ ಬೇಕೆಂಬ ನಿಯಮವೇನೂ ಇಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು ಪ್ರಾರಂಭವಾದ ‘ನಲಿ-ಕಲಿ’ ಪದ್ಧತಿಯಲ್ಲಿ ಪ್ರತಿಯೊಂದು ಮಗುವೂ ಕಲಿಕೆಯ ಏಣಿಯನ್ನು ತನ್ನ ವೇಗಕ್ಕೆ ತಕ್ಕಂತೆ ಏರುತ್ತದೆ. ಅಲ್ಲಿ ಉಪಕರಣವೆಂದರೆ ಚಿತ್ರ ಬರೆದ ರಟ್ಟಿನ ಕಾರ್ಡುಗಳು.

ಯಂತ್ರದ ಮಾರ್ಗವನ್ನೇ ಹಿಡಿದವರ ಅನುಭವವೂ ಬೋಧಪ್ರದವಾಗಿದೆ. ೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈವರೆಗೆ ಅಮೆರಿಕದ ಎ.ಟಿ.ಎಸ್.-೬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನದ ಕಾರ್ಯಕ್ರಮಗಳು ತಲುಪಿದವು. ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದುವು. ಬೆಳಗಿನ ಹೊತ್ತು ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿಯೇ ಕಾರ್ಯಕ್ರಮಗಳಿದ್ದುವು. ವಿದ್ಯುತ್ತೇ ಅಪರೂಪವಾಗಿದ್ದ ಕಡೆಗೆ ಆಕಾಶದಿಂದ ಚಿತ್ರ ಇಳಿಸಿದ ಆ ಸಾಹಸ ತಂತ್ರವಿದ್ಯೆಯ ದೃಷ್ಟಿಯಿಂದ ಮಹತ್ತರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೋಧನೆಯ ದೃಷ್ಟಿಯಿಂದ ಅದಕ್ಕೆ ಎರಡು ಮಿತಿಗಳಿದ್ದುವು. ಚಿತ್ರ ಮಗುವಿನ ಕಡೆಗೆ ಬರುತ್ತಿತ್ತೇ ಹೊರತು ಮಗುವಿನ ಉತ್ತರ ಆ ಕಡೆಗೆ ಹೋಗುವಂತಿರಲಿಲ್ಲ. ಅಲ್ಲದೆ ಉಪಗ್ರಹ ಎರವಲಿನದು. ಅವಧಿ ಮುಗಿಯುತ್ತಲೇ ಅದನ್ನು ಹಿಂದಕ್ಕೆ ಸರಿಸಲಾಯಿತು.

ಅದೇ ಕಾಲದಲ್ಲಿ, ೧೯೭೪ರಿಂದ ಮೊದಲು ಮಾಡಿಕೊಂಡು, ಮಧ್ಯ ಅಮೆರಿಕದ ನಿಕರಾಗುವಾದಲ್ಲಿ ದೂರದರ್ಶನಕ್ಕಿಂತ ಎಷ್ಟೋ ಬಡ ಉಪಕರಣವಾದ ರೇಡಿಯೋದಿಂದ ಗಣಿತ ಕಲಿಸುವ ಪ್ರಯೋಗ ನಡೆಯಿತು. ಅಲ್ಲಿನ ಪಾಠದಲ್ಲಿ ಒಂದು ಜಾಣ್ಮೆಯಿತ್ತು. ರೇಡಿಯೋ ಪ್ರಶ್ನೆ ಕೇಳಿ ಕೆಲವು ಕ್ಷಣ ಸುಮ್ಮನಾಗುವುದು. ಆ ಮೌನದಲ್ಲಿ ತರಗತಿಯ ಮಕ್ಕಳೆಲ್ಲರೂ ಗಟ್ಟಿಯಾಗಿ ಉತ್ತರ ಹೇಳುವರು, ಇಲ್ಲವೆ ಬರೆಯುವರು. ಬಳಿಕ ರೇಡಿಯೋ ಸರಿಯಾದ ಉತ್ತರವನ್ನು ನುಡಿಯುವುದು. ಒಂದೇ ಪಾಠದಲ್ಲಿ ಹೀಗೆ ಹತ್ತಾರು ಬಾರಿ ನಡೆಯುತ್ತಿತ್ತು. ಪರೀಕ್ಷಿಸಿ ನೋಡಿದಾಗ, ಪುಸ್ತಕಗಳನ್ನು ಪಡೆದ ತರಗತಿಗಳಿಗಿಂತಲೂ ಈ ರೇಡಿಯೋ ತರಗತಿಗಳ ಮಕ್ಕಳು ಗಣಿತದಲ್ಲಿ ಹೆಚ್ಚು ಮುಂದುವರಿದಿದ್ದರು. ನಮ್ಮ ಆಕಾಶವಾಣಿಯಿಂದ ಶಾಲೆಗಳಿಗೆ ಪ್ರಸಾರವಾದ ‘ಕೇಳಿ ಕಲಿ’, ‘ಚುಕ್ಕಿ ಚಿನ್ನ’ ಪಾಠಗಳೂ ಈ ಮಾದರಿಯ ಬಂಧುಗಳೇ. ಮಗುವನ್ನು ಬಾಯಿ ತೆರೆಯಿಸುವ ರೇಡಿಯೋ, ಮಗುವನ್ನು ಬಾಯಿ ಮುಚ್ಚಿ ಕೂರಿಸುವ ಬಣ್ಣದ ಪರದೆಗಿಂತ ಉತ್ತಮ ಉಪಾಧ್ಯಾಯನೆಂದು ಇದರಿಂದ ತಿಳಿಯಬೇಕು.

ಇನ್ನು ಗಣಕಯಂತ್ರದ ವಿಷಯ. ಗುಜರಾತಿನ ವಡೋದರಾ ನಗರದ ಪುರಸಭಾ ಶಾಲೆಗಳಿಗೆ ಸರ್ಕಾರ ನಾಲ್ಕು ನಾಲ್ಕು ಗಣಕಗಳನ್ನು ಒದಗಿಸಿತ್ತು. ಆದರೆ ಬೋಧನೆಗೆ ಅವು ಬಳಕೆಯಾಗುತ್ತಿದ್ದುದು ಬಹಳ ಕಡಿಮೆ. ಅವನ್ನು ಉಪಯೋಗಿಸಿಕೊಂಡು ೨೦೦೨ರಿಂದ ೨೦೦೪ರವರೆಗೆ ನಾಲ್ಕನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ಗಂಟೆ ಗಣಿತದ ಆಟಗಳನ್ನಾಡಿಸಲಾಯಿತು. ಒಂದು ಗಣಕದ ಮುಂದೆ ಇಬ್ಬರು ಮಕ್ಕಳು. ಎರಡು ಗಂಟೆಗಳಲ್ಲಿ ಒಂದು ಗಂಟೆ ಶಾಲೆಯ ವೇಳೆಯಲ್ಲಿ, ಇನ್ನೊಂದು ಶಾಲೆಗೆ ಮುಂಚೆ ಅಥವಾ ಆಮೇಲೆ. ಮುಂದೆ ೨೦೧೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರು ಸಂಗಡಿಗರೊಡನೆ ಇದರ ಫಲವನ್ನು ಅಳೆದು ೨೦೦೭ರಲ್ಲಿ ಪ್ರಕಟಿಸಿದರು. ಅದನ್ನು ಹೀಗೆ ಅರ್ಥಮಾಡಿಕೊಳ್ಳಬಹುದು. ನೂರು ಮಕ್ಕಳನ್ನು ಗಣಿತದ ಅಂಕಗಳ ಕ್ರಮದಲ್ಲಿ, ಕಡಿಮೆ ಪಡೆದವರಿಂದ ತೊಡಗಿ, ಸಾಲಾಗಿ ನಿಲ್ಲಿಸಿದೆವೆಂದು ಭಾವಿಸಿರಿ. ಸಾಲಿನ ನಡುವೆ ೫೦ನೆಯವನಾಗಿದ್ದ ಬಾಲಕನು, ಎರಡನೆಯ ವರ್ಷದ ಲೆಕ್ಕದಂತೆ, ಈ ಅಭ್ಯಾಸದಿಂದ ಸುಮಾರು ೬೮ನೆಯ ಸ್ಥಾನಕ್ಕೆ ಮುಂದೆ ಸರಿದಂತಾಯಿತು. ಎರಡು ಗಂಟೆಯ ಆಟಕ್ಕೆ ಇದು ಅಲ್ಪ ಫಲವೇನಲ್ಲ.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಉಪಾಯವನ್ನೂ ಪರೀಕ್ಷಿಸಿದ್ದರು. ಹಿಂದೆ ಬಿದ್ದ ಸುಮಾರು ಇಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಆಸುಪಾಸಿನ ಓದಿದ ತರುಣಿಯೊಬ್ಬಳಿಂದ ಓದು ಲೆಕ್ಕಗಳ ಮೊದಲ ಪಾಠಗಳನ್ನು ಹೇಳಿಕೊಡಿಸುವುದು. ಆಕೆಗೆ ‘ಬಾಲಸಖಿ’ ಎಂದು ಹೆಸರು. ಇದರಿಂದಲೂ ಮಕ್ಕಳ ಕಲಿಕೆ ಹೆಚ್ಚಿತು. ನಮ್ಮ ಸಾಲಿನ ೫೦ನೆಯ ಬಾಲಕನು ಸುಮಾರು ೬೧ಕ್ಕೆ ಬಂದನು. ಖರ್ಚನ್ನು ಹೋಲಿಸಿದರೆ, ಒಂದು ಮಗುವಿಗೆ ವರ್ಷಕ್ಕೆ ಗಣಕದ ಪಾಠಕ್ಕೆ ಸುಮಾರು ೧೫ ಡಾಲರ್, ಬಾಲಸಖಿಗೆ ಎರಡೂಕಾಲು ಡಾಲರ್! ಅದೇ ಹಣದಿಂದ ಬಾಲಸಖಿಯ ಉಪಾಯವನ್ನು ಆರು ಪಟ್ಟಿಗೂ ಹೆಚ್ಚು ಮಕ್ಕಳಿಗೆ ಮುಟ್ಟಿಸಬಹುದಾಗಿತ್ತು. ಎರಡರ ಫಲವೂ, ಕಾರ್ಯಕ್ರಮ ನಿಂತು ಒಂದು ವರ್ಷವಾಗುವಷ್ಟರಲ್ಲಿ ಬಹುಮಟ್ಟಿಗೆ ಕರಗಿಹೋಯಿತು ಎಂಬುದನ್ನೂ ಮರೆಯಬಾರದು. ಕಲಿಕೆ ಒಂದು ಸಲ ಹಾಕಿಸಿಕೊಳ್ಳುವ ಲಸಿಕೆಯಲ್ಲ. ಅದು ದಿನವೂ ಉಣ್ಣಬೇಕಾದ ಅನ್ನ.

ಗುಜರಾತಿನಲ್ಲಿಯೇ ‘ಜ್ಞಾನಶಾಲಾ’ ಎಂಬ ಸಂಸ್ಥೆಯ ಶಾಲೆಗಳಲ್ಲಿ ಎರಡು ಮತ್ತು ಮೂರನೆಯ ತರಗತಿಯ ಮಕ್ಕಳ ಮೇಲೆ ನಡೆದ ಪ್ರಯೋಗ ನನ್ನ ಮತಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷ್ಯ. ಲೀ ಲಿಂಡೆನ್ ಎಂಬ ಸಂಶೋಧಕನು ೨೦೦೮ರಲ್ಲಿ ಇದನ್ನು ವರದಿಮಾಡಿದನು. ಒಂದು ವರ್ಷ ಮಕ್ಕಳನ್ನು ಉಪಾಧ್ಯಾಯರ ಪಾಠದಿಂದ ಎಬ್ಬಿಸಿಕೊಂಡು ಹೋಗಿ ಗಣಕದ ಮುಂದೆ ಕೂರಿಸಲಾಯಿತು. ಮರುವರ್ಷ ಅದೇ ಬಗೆಯ ಗಣಕದ ಅಭ್ಯಾಸವನ್ನು ಶಾಲೆಯ ವೇಳೆಯ ಆಚೆಗೆ, ಪಾಠದ ಜೊತೆಗೆ ಸೇರಿಸಲಾಯಿತು. ಮೊದಲನೆಯ ಏರ್ಪಾಡಿನಲ್ಲಿ ಮಕ್ಕಳು ಗಣಕವಿಲ್ಲದ ಮಕ್ಕಳಿಗಿಂತಲೂ ಕಡಿಮೆ ಕಲಿತರು. ನಮ್ಮ ೫೦ನೆಯ ಬಾಲಕನು ೨೮ರ ಹತ್ತಿರಕ್ಕೆ ಜಾರಿದನು. ಎರಡನೆಯ ಏರ್ಪಾಡಿನಲ್ಲಿ ಅವನು ೬೧ರ ಹತ್ತಿರಕ್ಕೆ ಏರಿದನು. ಯಂತ್ರ ಒಂದೇ, ಊರು ಒಂದೇ. ಫಲ ಮಾತ್ರ ವಿರುದ್ಧ ದಿಕ್ಕಿನದು! ಆ ಶಾಲೆಗಳಲ್ಲಿ ಪಾಠಕ್ರಮ ಮೊದಲೇ ಅಚ್ಚುಕಟ್ಟಾಗಿತ್ತು. ಒಳ್ಳೆಯ ಪಾಠವನ್ನು ನುಂಗಿ ನಿಂತ ಯಂತ್ರ ನಷ್ಟವನ್ನು ತಂದಿತು. ಒಳ್ಳೆಯ ಪಾಠದ ಹಿಂದೆ ನಿಂತ ಯಂತ್ರ ಲಾಭವನ್ನು ತಂದಿತು.

ಉಪಕರಣವನ್ನು ಕೊಟ್ಟು ಕೈತೊಳೆದುಕೊಂಡರೆ ಏನಾಗುವುದೆಂಬುದಕ್ಕೆ ಪೆರು ದೇಶದ ಉದಾಹರಣೆಯಿದೆ. ೨೦೦೮ರಿಂದ ಅಲ್ಲಿನ ಸರ್ಕಾರ ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ಹಳ್ಳಿಗಾಡಿನ ೩೧೯ ಶಾಲೆಗಳನ್ನು ಹೋಲಿಸಿ ನೋಡಿದ ಅಧ್ಯಯನವೊಂದು ೨೦೧೨ರಲ್ಲಿ ಪ್ರಕಟವಾಯಿತು. ಹದಿನೈದು ತಿಂಗಳ ಬಳಿಕವೂ ಮಕ್ಕಳ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಎದ್ದುಕಾಣುವ ಸುಧಾರಣೆ ಕಂಡುಬರಲಿಲ್ಲ. ಸಾಮಾನ್ಯ ಬುದ್ಧಿಶಕ್ತಿಯ ಕೆಲವು ಪರೀಕ್ಷೆಗಳಲ್ಲಿ ಸ್ವಲ್ಪ ಹೆಚ್ಚಳವಿತ್ತೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆದರೂ ಓದು, ಬರಹ, ಲೆಕ್ಕಗಳಿಗಾಗಿಯೇ ಶಾಲೆಗೆ ಬರುವ ಮಗುವಿಗೆ ಅವು ದೊರೆಯದಿದ್ದರೆ, ಆ ಹಣ ವ್ಯಯವಾದಂತೆಯೇ ಸರಿ.

ಇವೆಲ್ಲ ಪ್ರಯೋಗಗಳು. ೨೦೨೦ರಲ್ಲಿ ಕೊರೋನಾ ವ್ಯಾಧಿಯ ಕಾರಣ ಶಾಲೆಗಳು ಮುಚ್ಚಿದಾಗ, ಯಾರೂ ಬಯಸದಿದ್ದ ಒಂದು ಮಹಾಪ್ರಯೋಗ ದೇಶದಾದ್ಯಂತ ತಾನಾಗಿ ನಡೆಯಿತು. ಪಾಠವೆಲ್ಲ ಮೊಬೈಲಿನೊಳಗೆ ಹೋಯಿತು. ೨೦೨೧ರ ಆಗಸ್ಟಿನಲ್ಲಿ ೧೫ ರಾಜ್ಯಗಳೂ ಕೇಂದ್ರಾಡಳಿತ ಪ್ರದೇಶಗಳೂ ಸೇರಿದಂತೆ ಬಡಕುಟುಂಬಗಳ ಸುಮಾರು ೧,೪೦೦ ಮಕ್ಕಳನ್ನು ವಿಚಾರಿಸಿದಾಗ, ಆನ್‌ಲೈನ್ ಪಾಠವನ್ನು ಕ್ರಮವಾಗಿ ಅನುಸರಿಸುತ್ತಿದ್ದವರು ಪಟ್ಟಣಗಳಲ್ಲಿ ನೂರಕ್ಕೆ ೨೪, ಹಳ್ಳಿಗಳಲ್ಲಿ ನೂರಕ್ಕೆ ೮ ಮಾತ್ರ. ಅದಕ್ಕೂ ಮುಂಚೆ, ಅದೇ ವರ್ಷದ ಜನವರಿಯಲ್ಲಿ, ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ೧೬,೦೬೭ ಮಕ್ಕಳನ್ನು ಪರೀಕ್ಷಿಸಿತು. ಹಿಂದಿನ ವರ್ಷ ಕರಗತವಾಗಿದ್ದ ಭಾಷಾಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡವರು ನೂರಕ್ಕೆ ೯೨; ಗಣಿತದಲ್ಲಿ ನೂರಕ್ಕೆ ೮೨. ಇಲ್ಲಿ ಮೊಬೈಲನ್ನು ಹಳಿಯುವುದು ಸಲ್ಲದು. ಏನೂ ಇಲ್ಲದ ಹೊತ್ತಿನಲ್ಲಿ ಅದು ಇದ್ದವರಿಗೆ ಆಸರೆಯಾಯಿತು. ಆದರೆ ಉಪಾಧ್ಯಾಯರಿಲ್ಲದೆ ಯಂತ್ರವೊಂದೇ ಎಳೆಯರನ್ನು ನಡೆಸಬಲ್ಲುದೆಂಬ ಕನಸು ಆಗ ಒಡೆಯಿತು. ನಮ್ಮ ರಾಜ್ಯದಲ್ಲಿ ೨೦೨೦ರ ಆಗಸ್ಟಿನಲ್ಲಿ ‘ವಿದ್ಯಾಗಮ’ ಯೋಜನೆಯಂತೆ ಉಪಾಧ್ಯಾಯರು ಮಕ್ಕಳಿದ್ದಲ್ಲಿಗೇ ಹೋಗಿ ಬಯಲಿನಲ್ಲಿ, ಗುಡಿಯ ಜಗಲಿಯಲ್ಲಿ ಪಾಠ ಹೇಳತೊಡಗಿದುದು ಈ ಸತ್ಯವನ್ನು ಮನಗಂಡೇ. ವ್ಯಾಧಿಯ ಭಯದಿಂದ ಅದೇ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು.

ಕಾಲೇಜಿನ ವಿದ್ಯಾರ್ಥಿಗೆ ಆನ್‌ಲೈನ್ ಪಾಠ ಒದಗುವಷ್ಟು ಆರು ವರ್ಷದ ಮಗುವಿಗೆ ಏಕೆ ಒದಗುವುದಿಲ್ಲ ಎಂದು ಯಾರಾದರೂ ಕೇಳಬಹುದು. ಕಾಲೇಜಿನ ವಿದ್ಯಾರ್ಥಿಗೆ ಓದು ಬರುತ್ತದೆ. ಗಮನ ಜಾರಿದರೆ ತಾನೇ ಎಳೆದು ತರಬಲ್ಲ. ಎಳೆಯ ಮಗುವಿಗೆ ಕಲಿಸಬೇಕಾಗಿರುವುದೇ ಈ ಎರಡನ್ನು. ನಮ್ಮ ಲಿಪಿಯನ್ನೇ ತೆಗೆದುಕೊಳ್ಳಿರಿ. ೩೪ ವ್ಯಂಜನಗಳ ಕಾಗುಣಿತವೊಂದೇ ನಾಲ್ಕುನೂರಕ್ಕೂ ಮಿಕ್ಕ ರೂಪಗಳಾಗುತ್ತದೆ, ಒತ್ತಕ್ಷರಗಳು ಬೇರೆ. ಇವು ಕೈಗೆ ಬಂದು ಕಣ್ಣಿಗೆ ಹತ್ತಲು ವರ್ಷಗಳೇ ಬೇಕು. ಅಮೆರಿಕದಲ್ಲಿ ೨೦೧೨ರಲ್ಲಿ ಪ್ರಕಟವಾದ ಚಿಕ್ಕ ಅಧ್ಯಯನವೊಂದರಲ್ಲಿ, ಓದು ಬಾರದ ಐದು ವರ್ಷದ ಮಕ್ಕಳು ಕೆಲವು ಅಕ್ಷರಗಳನ್ನು ಕೈಯಿಂದ ಬರೆದೂ ಕೆಲವನ್ನು ಕೀಲಿಮಣೆಯಲ್ಲಿ ಒತ್ತಿಯೂ ಅಭ್ಯಾಸ ಮಾಡಿದರು. ಬಳಿಕ ಮಿದುಳಿನ ಚಿತ್ರ ತೆಗೆದಾಗ, ತಾವೇ ಬರೆದ ಅಕ್ಷರಗಳನ್ನು ನೋಡುವ ಹೊತ್ತಿನಲ್ಲಿ ಓದಿಗೆ ಸಂಬಂಧಿಸಿದ ಭಾಗಗಳು ಹೆಚ್ಚು ಚುರುಕಾಗಿದ್ದುವು. ಕೆಲವೇ ಮಕ್ಕಳ ಅಧ್ಯಯನದಿಂದ ದೊಡ್ಡ ಸಿದ್ಧಾಂತ ಕಟ್ಟಬಾರದು. ಆದರೂ ಮರಳು, ಸ್ಲೇಟು, ಬಳಪಗಳನ್ನು ಪರದೆಗಾಗಿ ಮೂಲೆಗೆ ತಳ್ಳುವ ಮುನ್ನ ಎರಡು ಸಲ ಯೋಚಿಸುವುದಕ್ಕೆ ಅಷ್ಟು ಸಾಕು.

ಹಾಗೆಂದು ಯಂತ್ರಕ್ಕೆ ಪ್ರಾಥಮಿಕ ಶಾಲೆಯಲ್ಲಿ ಕೆಲಸವಿಲ್ಲವೆಂದು ನನ್ನ ಅಭಿಪ್ರಾಯವಲ್ಲ. ಮನೆಯಲ್ಲಿ ಲಂಬಾಣಿಯನ್ನೋ ತುಳುವನ್ನೋ ಉರ್ದುವನ್ನೋ ಆಡುವ ಮಗು ಕನ್ನಡದ ಕಥೆಯನ್ನು ಬೇಕಾದಷ್ಟು ಸಲ ಕೇಳಬೇಕಾದರೆ ಧ್ವನಿಮುದ್ರಣಕ್ಕಿಂತ ತಾಳ್ಮೆಯ ಹೇಳುಗನಿಲ್ಲ. ದೃಷ್ಟಿ ಇಲ್ಲದ ಮಗುವಿಗೆ ಪುಸ್ತಕವನ್ನು ಓದಿ ಹೇಳುವ ಯಂತ್ರ ವರವೇ ಸರಿ. ಒಬ್ಬರೇ ಉಪಾಧ್ಯಾಯರು ನಾಲ್ಕು ತರಗತಿಗಳನ್ನು ನೋಡಿಕೊಳ್ಳುವ ಹಳ್ಳಿಯ ಶಾಲೆಯಲ್ಲಿ, ಒಂದು ತರಗತಿ ಗಣಕದ ಮುಂದೆ ಮಗ್ಗಿಯನ್ನು ಅಭ್ಯಾಸ ಮಾಡುತ್ತಿದ್ದರೆ ಅವರು ಇನ್ನೊಂದರ ಕಡೆಗೆ ಗಮನ ಕೊಡಬಹುದು. ೨೦೧೭ರಲ್ಲಿ ಕೇಂದ್ರ ಸರ್ಕಾರ ತೆರೆದ ‘ದೀಕ್ಷಾ’ ಜಾಲದಲ್ಲಿ ಉಪಾಧ್ಯಾಯರು ತಮಗೆ ಬೇಕಾದ ಚಿತ್ರವನ್ನೋ ಪ್ರಯೋಗವನ್ನೋ ಆರಿಸಿಕೊಂಡು ಪಾಠಕ್ಕೆ ಸೇರಿಸಿಕೊಳ್ಳಬಹುದು. ಈ ಎಲ್ಲ ಕಡೆಗಳಲ್ಲಿಯೂ ಯಂತ್ರ ಉಪಾಧ್ಯಾಯರ ಕೈಕೆಳಗೆ ಇದೆ. ಅವರ ಪೀಠದ ಮೇಲೆ ಇಲ್ಲ.

ಆದುದರಿಂದ ಎಳೆಯರ ಶಾಲೆಗೆ ಯಾವುದೇ ಹೊಸ ಉಪಕರಣ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಾನು ಸೂಚಿಸುತ್ತೇನೆ. ಮೊದಲನೆಯದು: ಕೆಲಸ ಮಾಡುವವರು ಯಾರು? ಯಂತ್ರ ಕುಣಿದು ಮಗು ಸುಮ್ಮನೆ ನೋಡುತ್ತಿದ್ದರೆ ಅದು ವಿನೋದ. ಮಗು ಹೇಳಿ, ಬರೆದು, ಎಣಿಸುತ್ತಿದ್ದರೆ ಅದು ಪಾಠ. ಎರಡನೆಯದು: ಮಗುವಿನ ತಪ್ಪು ಏನಾಗುತ್ತದೆ? ಕೆಂಪು ಗುರುತು ತೋರಿಸಿದರೆ ಸಾಲದು. ತಪ್ಪಿನ ಮೂಲವನ್ನು ಹಿಡಿದು ಮಗುವಿನ ಮಟ್ಟಕ್ಕೆ ಇಳಿದು ಮತ್ತೆ ಮೇಲಕ್ಕೆ ತರುವವರು ಬೇಕು. ಮೂರನೆಯದು: ಯಂತ್ರಕ್ಕೆ ಕೊಟ್ಟ ವೇಳೆ ಯಾರಿಂದ ಕಿತ್ತುಕೊಂಡದ್ದು? ಅದು ಉಪಾಧ್ಯಾಯರ ಒಳ್ಳೆಯ ಪಾಠದಿಂದ, ಇಲ್ಲವೆ ಮಗುವಿನ ಆಟದಿಂದ ಕಿತ್ತ ವೇಳೆಯಾದರೆ ವ್ಯಾಪಾರ ನಷ್ಟದ್ದು. ಯಂತ್ರ ಬಂದ ಮೇಲೆ ಅಂಕಿಅಂಶಗಳನ್ನು ತುಂಬುವ ಕೆಲಸ ಹೆಚ್ಚಿ ಉಪಾಧ್ಯಾಯರು ಮಕ್ಕಳ ಕಡೆಗೆ ಬೆನ್ನು ಹಾಕಿ ಕೂರುವಂತಾದರೆ, ಆ ನಷ್ಟವನ್ನೂ ಲೆಕ್ಕಕ್ಕೆ ಸೇರಿಸಬೇಕು. ಕೃತಕ ಬುದ್ಧಿಮತ್ತೆಯ ಹೊಸ ಸಾಧನಗಳು ಇವುಗಳಿಗೆ ಹೊರತಲ್ಲ. ಮಗು ಮಾಡಬೇಕಾದ ಲೆಕ್ಕವನ್ನು ಅವೇ ಮಾಡಿಕೊಟ್ಟರೆ ಮೊದಲನೆಯ ಪ್ರಶ್ನೆಯಲ್ಲಿಯೇ ಅವು ಸೋತಂತೆ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಉಪಾಧ್ಯಾಯರಾಗುವಿರಿ, ಕೆಲವರು ಇಂಥ ಯಂತ್ರಗಳನ್ನು ರಚಿಸುವ ಇಂಜಿನಿಯರುಗಳಾಗುವಿರಿ. ತಾಯಿತಂದೆಗಳಂತೂ ಬಹುತೇಕ ಎಲ್ಲರೂ ಆಗುವಿರಿ. ಆಗ ಈ ಪ್ರಶ್ನೆಗಳು ನಿಮ್ಮ ನೆನಪಿನಲ್ಲಿರಲಿ. ಆದರೆ ಅಷ್ಟು ಕಾಲ ಕಾಯಬೇಕಾಗಿಲ್ಲ. ನಿಮ್ಮ ಮನೆಯಲ್ಲಿಯೋ ಬೀದಿಯಲ್ಲಿಯೋ ಎರಡನೆಯ ಮೂರನೆಯ ತರಗತಿಯ ಮಗುವೊಂದು ಇದ್ದೇ ಇರುತ್ತದೆ. ವಾರಕ್ಕೆರಡು ಸಂಜೆ ಅದನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟವನ್ನು ಗಟ್ಟಿಯಾಗಿ ಓದಿಸಿರಿ. ಎಲ್ಲಿ ತಡವರಿಸುವುದೋ ಅಲ್ಲಿ ನಿಲ್ಲಿಸಿ ಬರೆಯಿಸಿರಿ. ಮೊಬೈಲಿನಲ್ಲಿ ಒಳ್ಳೆಯದೊಂದು ಕಥೆಯಿದ್ದರೆ ಕೇಳಿಸಿ, ಬಳಿಕ ಅದನ್ನು ಮಗುವಿನ ಬಾಯಿಂದಲೇ ಹೇಳಿಸಿರಿ. ವಡೋದರಾದ ಬಾಲಸಖಿಯರು ಮಾಡಿದ್ದೂ, ಮದರಾಸಿನ ಆ ಹಳೆಯ ಶಾಲೆಯ ವಿದ್ಯಾರ್ಥಿಗಳು ಮಾಡಿದ್ದೂ ಇದನ್ನೇ. ಇದರಿಂದ ಆ ಮಗುವಿಗಾಗುವ ಪ್ರಯೋಜನವನ್ನು ನೀವು ಒಂದೆರಡು ತಿಂಗಳಲ್ಲಿ ನಿಮ್ಮ ಕಿವಿಯಿಂದಲೇ ಕೇಳಿ ತಿಳಿಯಬಹುದು.